‘ಕೊಡು’ ಎಂದು ಬರೆದ ಚೀಟಿ

೪ ಮಾರ್ಚ್

ಮಾವನಿಗೆ,

ಇಲ್ಲಿ ಅಮ್ಮ, ನಾನು, ಎರಡು ಹೊಲಿಗೆ ಮೆಷಿನ್ನು, ಎಲ್ಲರೂ ಓಡುತ್ತಿದ್ದೇವೆ. ಅಲ್ಲಿ ನೀವು ರಿಪೇರಿ ಮಾಡುವ ಲಿಫ್ಟುಗಳು ಹೇಳಿದ ಮಾತು ಕೇಳುತ್ತಿವೆ ಅಂದುಕೊಂಡಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹ್ಞೂಂ, ನೋಡೋಣ" ಅಂದುಬಿಡುತ್ತೀರಿ, ನಾನು "ಸರಿ ಮಾವ" ಅಂದುಬಿಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ಒಂದು ಕೋಟಿನ ಕಟಿಂಗ್ ತೆಗೆಯಬೇಕೆಂದು ಕಂಪ್ಯೂಟರ್ ಹಾಕಿದೆ. ನಿಮ್ಮ ಕಂಪ್ಯೂಟರ್ ಪ್ರೋಗ್ರಾಂ ‘ಅಳತೆ’ಯ ಪುಟದಲ್ಲಿ ಎಲ್ಲಕ್ಕಿಂತ ಮೇಲೆ, ಕೆಂಪು ಅಕ್ಷರದಲ್ಲಿ, "ಆಗಸ್ಟ್ ೩೧ರಂದು ಈ ಯೋಜನೆಯನ್ನು ಮುಚ್ಚಲಾಗುವುದು. ಇಷ್ಟು ದಿನ ಬಳಸಿದ ಎಲ್ಲರಿಗೂ ವಂದನೆ" ಎಂದು ಬರೆದಿತ್ತು. ಅಮ್ಮನಿಗೆ ಓದಿ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು "ಯಾರು ಮುಚ್ತಾರಂತೆ?" ಅಂದಳು.

"ಮಾವ."

"ಅವನೇ ಮಾಡಿದ್ದಲ್ವೇನೇ ಅದು?"

ಹೌದು ಅಂದೆ. ಅವಳು ಮತ್ತೆ ಕತ್ತರಿ ಎತ್ತಿಕೊಂಡು, "ಚಿಕ್ಕೋನಿದ್ದಾಗ್ಲೂ ಅಷ್ಟೇ ಕಣೆ. ತಟ್ಟೆ ತುಂಬ ಹಾಕಿಸ್ಕೊಳ್ಳೋದು, ಆಮೇಲೆ ಅದರ ಮುಂದೆ ಅಳ್ತಾ ಕೂರೋದು" ಅಂದಳು.

ಮಾವ, ಹನ್ನೊಂದು ಅಳತೆ ಹೇಳಿದರೆ ಇಡೀ ಕೋಟನ್ನು ಕಾಗದದ ಮೇಲೆ ಬರೆದು ಕೊಡುವುದು ನಿಮ್ಮ ‘ಅಳತೆ’. ಅದಿಲ್ಲದ ಕಾಲದಲ್ಲಿ ಅಮ್ಮ ಬಟ್ಟೆಯ ಮೇಲೇ ಗೆರೆ ಎಳೆಯುತ್ತಿದ್ದಳು. ಈಗ ಅವಳ ಕಣ್ಣಿಗೆ ಸೀಮೆಸುಣ್ಣ ಕಾಣುವುದಿಲ್ಲ. ನನಗೆ ಹೊಲಿಗೆ ಬರುತ್ತದೆ, ಕಟಿಂಗ್ ಬರುವುದಿಲ್ಲ. ಅದು ನಿಂತರೆ ನಾವು ಹೊಸ ಬಟ್ಟೆ ಬಿಟ್ಟು ಬರೀ ಆಲ್ಟ್ರೇಷನ್ ಮಾಡಿಕೊಂಡಿರಬೇಕು.

ಪುಟದಲ್ಲಿ ೪೩೭ ಎಂಬ ಅಂಕಿ ಇತ್ತು. ಅದು ಏನು? ಯಾಕೆ ಮುಚ್ಚುತ್ತಿದ್ದೀರಿ?

ನಿಮ್ಮ
ಕಾಜಾ


೧೬ ಮಾರ್ಚ್

ಕಾಜಾ,

ಗುಂಡಿಗೆ ಕಾಜಾ ಹೊಲಿಯುವುದಷ್ಟೇ ನಿನಗೆ ಬರುತ್ತಿದ್ದ ಕಾಲದಲ್ಲಿ ನಾನಿಟ್ಟ ಹೆಸರು. ಈಗಲೂ ಅದನ್ನೇ ಸಹಿ ಹಾಕುತ್ತೀಯಲ್ಲ, ಖುಷಿಯಾಯಿತು. ಅಕ್ಕನಿಗೆ ಹೇಳು, ನಾನು ತಟ್ಟೆಯ ಮುಂದೆ ಅತ್ತದ್ದು ಒಂದೇ ಸಲ, ಅದೂ ಅವಳು ಅಡುಗೆ ಮಾಡಿದ ದಿನ.

೪೩೭ ಅಂದರೆ ಈಗ ನನ್ನ ತಟ್ಟೆಯಲ್ಲಿ ಉಳಿದಿರುವುದು. ‘ಅಳತೆ’ಯನ್ನು ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಒಳಗೆ ಕೈ ಹಾಕಿ ತಿದ್ದಬಹುದು. ತಪ್ಪು ಕಂಡವರು, ಹೊಸದೇನಾದರೂ ಬೇಕಾದವರು ಪುಟದಲ್ಲಿ ಬರೆಯುತ್ತಾರೆ. ಅದಕ್ಕೆ ಇಶ್ಯೂ ಅನ್ನುತ್ತೇವೆ. ಇನ್ನು ಕೆಲವರು ತಾವೇ ತಿದ್ದಿ "ಇದನ್ನು ಸೇರಿಸಿಕೊಳ್ಳಿ" ಎಂದು ಕಳಿಸುತ್ತಾರೆ. ಅದು ಪುಲ್ ರಿಕ್ವೆಸ್ಟು. ಇಶ್ಯೂ ೨೯೦, ಪುಲ್ ರಿಕ್ವೆಸ್ಟು ೧೪೭. ಎಲ್ಲಕ್ಕೂ ಹೌದು ಅಥವಾ ಇಲ್ಲ ಅನ್ನಬೇಕಾದವನು ನಾನೊಬ್ಬ.

ಕೆಟ್ಟ ಲಿಫ್ಟು ಕೆಟ್ಟ ಕಡೆಯೇ ನಿಂತಿರುತ್ತದೆ. ಹೋಗಿ ರಿಪೇರಿ ಮಾಡಿ, ನಾಲ್ಕು ಸಲ ಮೇಲೆ ಕೆಳಗೆ ಓಡಿಸಿದರೆ ಕೆಲಸ ಮುಗಿಯಿತು. ಇದು ಹಾಗಲ್ಲ. ಹತ್ತು ಜನಕ್ಕೆ ಉತ್ತರ ಬರೆದು ಟೀ ಕುಡಿದು ಬರುವಷ್ಟರಲ್ಲಿ ಹದಿಮೂರು ಜನ ಬಂದು ಕೂತಿರುತ್ತಾರೆ. ಬೈದು ಬರೆದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಎಲ್ಲರೂ "ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ" ಎಂದೇ ಬರೆಯುತ್ತಾರೆ. ಎರಡು ವರ್ಷದ ಹಿಂದೆ ನನ್ನ ಕ್ಷಮೆ ಕೇಳಿದವರಿಗೆ ಇವತ್ತು ನಾನು ಏನಂತ ಬರೆಯಲಿ?

ನಾಲ್ಕು ತಿಂಗಳಿಂದ ಆ ಪುಟದ ಕಡೆ ತಲೆ ಹಾಕಿರಲಿಲ್ಲ. ಕೆಂಪು ಅಕ್ಷರ ಹಾಕಲು ಒಂದು ಸಲ ಹೋಗಿ ಬಂದೆ.

ನೀವು ಹೆದರಬೇಡಿ. ಮುಚ್ಚಿದ ಮೇಲೂ ನಿಮ್ಮ ಕಂಪ್ಯೂಟರಿನಲ್ಲಿ ಅದು ಓಡುತ್ತದೆ. ಕೆಟ್ಟರೆ ತಿದ್ದುವವರು ಇರುವುದಿಲ್ಲ, ಅಷ್ಟೆ.

ಮಾವ


೨೮ ಮಾರ್ಚ್

ಮಾವನಿಗೆ,

‘ಅಷ್ಟೆ’ ಎಂದು ಬರೆದಿದ್ದೀರಿ. ಹೋದ ವರ್ಷ ನಾವು ಪ್ರಿಂಟರ್ ಬದಲಾಯಿಸಿದಾಗ ಪ್ರತಿಯೊಂದು ಕಟಿಂಗೂ ಅರ್ಧ ಇಂಚು ಗಿಡ್ಡ ಬಂತು. ನೀವು ಎರಡೇ ದಿನದಲ್ಲಿ ಸರಿಮಾಡಿದಿರಿ. ಮಾಡದಿದ್ದರೆ ಎಂಬತ್ತು ಯೂನಿಫಾರಂ ಗಿಡ್ಡವಾಗುತ್ತಿದ್ದವು. ಅದು ಅಷ್ಟೆ ಅಲ್ಲ.

ಅಮ್ಮನಿಗೆ ಜ್ವರ ಬಂದು ಮೂರು ವಾರ ಮಲಗಿದ್ದು ನಿಮಗೆ ನೆನಪಿರಬಹುದು. ಆಗ ಆಲ್ಟ್ರೇಷನ್ ಕಪಾಟು ಬಾಗಿಲು ಹಾಕಲು ಬಾರದಷ್ಟು ತುಂಬಿತ್ತು. ಅದರ ಎದುರಿಗೆ ಕೂರಲು ಭಯವಾಗಿ ನಾನು ಬೆನ್ನು ಮಾಡಿ ಕೂತು ಹೊಲಿಯುತ್ತಿದ್ದೆ. ಅಮ್ಮ ಎದ್ದು ಬಂದವಳು ಎಷ್ಟಿದೆ ಎಂದು ಎಣಿಸಲೇ ಇಲ್ಲ. ಒಂದೊಂದನ್ನೂ ಕೈಗೆತ್ತಿಕೊಂಡು ಕೊಡವಿ ನೋಡಿ, ಒಂದು ಮಾತು ಹೇಳಿದಳು. ಒಂದೇ ಮಾತು. ನಾನು ಅದನ್ನು ಚೀಟಿಯಲ್ಲಿ ಬರೆದು ಗುಂಡುಸೂಜಿಯಿಂದ ಚುಚ್ಚಿದೆ. ಅವತ್ತು ಇಡೀ ದಿನ ಒಂದು ಹೊಲಿಗೆಯೂ ಹಾಕಲಿಲ್ಲ. ಸಂಜೆ ನೋಡಿದರೆ ಕಪಾಟು ಮುಂಚಿನಷ್ಟೇ ತುಂಬಿತ್ತು. ಆದರೆ ಅಮ್ಮ ಗುನುಗಿಕೊಂಡು ಅಂಗಡಿ ಬಾಗಿಲು ಹಾಕಿದಳು.

ಆ ೪೩೭ನ್ನೂ ಪ್ರಿಂಟು ತೆಗೆದು ನನಗೆ ಕಳಿಸಿ. ಒಂದಕ್ಕೆ ಒಂದು ಹಾಳೆ. ನಾನು ಚೀಟಿ ಹಚ್ಚಿ ಕಳಿಸುತ್ತೇನೆ. ಆ ಪುಟದಲ್ಲಿ ಬರೆಯಲು ಮಾತ್ರ ಹೇಳಬೇಡಿ. ಅಲ್ಲಿ ಎಲ್ಲರೂ ನೋಡುತ್ತಾರೆ.

ಕಾಜಾ


೧೦ ಏಪ್ರಿಲ್

ಕಾಜಾ,

ಪೆಟ್ಟಿಗೆ ಕಳಿಸಿದ್ದೇನೆ. ಪ್ರಿಂಟ್ ಅಂಗಡಿಯವನು "ಏನ್ ಸಾರ್, ಕೋರ್ಟ್ ಕೇಸಾ?" ಅಂದ. ಹೌದಪ್ಪಾ ಅಂದೆ. "ಗೆಲ್ತೀರಾ?" ಅಂದ. ನಮ್ಮ ಸೊಸೆ ವಾದ ಮಾಡ್ತಾಳೆ ಅಂದೆ.

ಒಂದು ಮಾತು. ಕನಿಕರ ಪಟ್ಟು ಚೀಟಿ ಹಚ್ಚಬೇಡ. ಕನಿಕರ ಪಟ್ಟೇ ನಾನು ಇಲ್ಲಿಗೆ ಬಂದು ನಿಂತಿರುವುದು.

ಮುಚ್ಚುವ ತಾರೀಖು ಹಾಗೇ ಇರುತ್ತದೆ. ನೀನು ಕೇಳಿದೆ ಎಂದು ಕಳಿಸುತ್ತಿದ್ದೇನೆ, ಅಷ್ಟೆ. ಅಷ್ಟೆ ಎಂದು ಮತ್ತೆ ಬರೆದೆ, ಬೈಯಬೇಡ.

ಮಾವ


೩ ಮೇ

ಮಾವನಿಗೆ,

ಪೆಟ್ಟಿಗೆ ಹೊರಲು ನಾನೂ ಅಮ್ಮನೂ ಸೇರಬೇಕಾಯಿತು. ದಿನಾ ಬೆಳಿಗ್ಗೆ ಅಂಗಡಿ ತೆರೆದು ಗಿರಾಕಿ ಬರುವವರೆಗೆ ಕಟಿಂಗ್ ಟೇಬಲ್ಲಿನ ಮೇಲೆ ಹರಡಿಕೊಂಡು ಓದಿದೆ. ಒಳಗಿನ ಕಂಪ್ಯೂಟರ್ ಬರಹ ನನಗೆ ತಿಳಿಯುವುದಿಲ್ಲ. ಆದರೆ ಜನ ಏನು ಕೇಳುತ್ತಿದ್ದಾರೆ ಎಂಬುದು ತಿಳಿಯುತ್ತದೆ. ನಮ್ಮ ಅಂಗಡಿಗೆ ಬರುವವರ ಹಾಗೇ ಇದ್ದಾರೆ. ಬಗಲಲ್ಲಿ ಬಿಗಿ ಅನ್ನುವುದನ್ನು ಹೇಳಲು ಮನೆಯ ಕಥೆಯಿಂದ ಶುರುಮಾಡುತ್ತಾರೆ.

ಅರವತ್ತೊಂದು ಜನ ಒಂದೇ ಮಾತು ಬರೆದಿದ್ದಾರೆ: ಅಳತೆ ದೊಡ್ಡದಾದರೆ ತೋಳು ಕಂಕುಳ ಸುತ್ತಿಗೆ ಕೂರುವುದಿಲ್ಲ. ನಮಗೂ ಹಾಗೇ ಆಗುತ್ತದೆ, ಅಮ್ಮ ಕೈಯಲ್ಲಿ ಸರಿಮಾಡಿಕೊಳ್ಳುತ್ತಾಳೆ. ಆ ಅರವತ್ತೊಂದನ್ನೂ ಒಟ್ಟಿಗೆ ಕಟ್ಟಿ ‘ಜೋಡಿ’ ಎಂದು ಚೀಟಿ ಹಚ್ಚಿದ್ದೇನೆ. ಒಂದನ್ನು ತಿದ್ದಿದರೆ ಎಲ್ಲವೂ ಹೋಗುತ್ತವೆ. ಬಹಳ ಹಳೆಯವಕ್ಕೆ ‘ಕೇಳು’. ಅವರಿಗೆ ಅದು ಇನ್ನೂ ಬೇಕೋ ಬೇಡವೋ ಕೇಳಿ. ತೊಟ್ಟಿಲ ಮಗುವಿಗೆ ಅಂಗಿ ಕೇಳಿದ್ದವರ ಮಗು ಈಗ ಶಾಲೆಗೆ ಹೋಗುತ್ತಿರಬಹುದು. ಮಾಡಬೇಕಾದವಕ್ಕೆ ‘ಮಾಡು’. ಇನ್ನು ಐವತ್ತೆಂಟಕ್ಕೆ ‘ಕೊಡು’. ನಾಲ್ಕು ಕಟ್ಟು, ನಾಲ್ಕು ಬಣ್ಣದ ಬಟ್ಟೆಪಟ್ಟಿ.

ಒಂದು ಹಾಳೆಗೆ ಚೀಟಿ ಹಚ್ಚಿಲ್ಲ, ಬೇರೆ ಲಕೋಟೆಯಲ್ಲಿಟ್ಟಿದ್ದೇನೆ. ಎಲ್ಲಕ್ಕಿಂತ ಹಳೆಯ ಪುಲ್ ರಿಕ್ವೆಸ್ಟು, ಆರು ವರ್ಷದ್ದು. ಎಲ್ಲರೂ ನಿಮಗೆ "ದಯವಿಟ್ಟು ನೋಡಿ" ಎಂದು ಬರೆದಿದ್ದಾರೆ. ಇವರೊಬ್ಬರೇ "ಪುರುಸೊತ್ತಾದಾಗ ನೋಡು" ಎಂದು ಬರೆದಿದ್ದಾರೆ. ಕಂಕುಳ ಸುತ್ತನ್ನೇ ತಿದ್ದಿದ್ದಾರೆ. ಅವರು ಹಾಕಿದ ಚಿತ್ರದಂತೆ ಹಳೇ ಪೇಪರ್ ಕತ್ತರಿಸಿ ತೋಳು ಕೂರಿಸಿ ನೋಡಿದೆ. ಮಾವ, ಒಂದು ನೂಲೂ ಆಚೀಚೆ ಆಗಲಿಲ್ಲ.

ಅವರು ಯಾರು?

ಕಾಜಾ


೨೪ ಮೇ

ಕಾಜಾ,

ಕಟ್ಟುಗಳು ಬಂದವು. ಆರು ವರ್ಷ ನನ್ನ ಎದೆಯ ಮೇಲೆ ಕೂತಿದ್ದು ಮೇಜಿನ ಮೇಲೆ ನಾಲ್ಕು ಕಟ್ಟಾಗಿ ಕೂತಿರುವುದನ್ನು ನೋಡಿ ನಗು ಬಂತು.

‘ಕೊಡು’ ಕಟ್ಟನ್ನೇ ಮೊದಲು ಹಿಡಿದೆ, ಸುಲಭವಾಗಿತ್ತು. ಐವತ್ತೆಂಟು ಜನಕ್ಕೂ "ಆಗಲಿ, ನೀವು ಕೇಳಿದ್ದನ್ನು ಕೊಡುತ್ತೇವೆ" ಎಂದು ಒಂದೇ ಭಾನುವಾರ ಬರೆದು ಮುಗಿಸಿದೆ. ಅದರಲ್ಲಿ ಹತ್ತೊಂಬತ್ತು ಪುಲ್ ರಿಕ್ವೆಸ್ಟುಗಳಿದ್ದವು, ಅವನ್ನು ಹಾಗೇ ಸೇರಿಸಿಬಿಟ್ಟೆ. ನಾಯಿಗೆ ಕೋಟು ಬೇಕೆಂದವರಿಗೂ ಆಗಲಿ ಅಂದೆ. ಎರಡು ತಲೆಯ ಗೊಂಬೆಗೆ ಸ್ವೆಟರು ಕೇಳಿದವರಿಗೂ. ನೀನು ಇಷ್ಟು ಧಾರಾಳಿ ಎಂದು ಗೊತ್ತಿರಲಿಲ್ಲ. ಕನಿಕರ ಬೇಡ ಅಂದಿದ್ದೆ, ಆದರೂ ಇರಲಿ.

ಲಕೋಟೆ ತಲುಪಿತು.

ಮಾವ


೩೧ ಮೇ

ಮಾವನಿಗೆ,

ನಿಮ್ಮ ಕಾಗದ ಓದಿದೆ. ಎಂಥ ಎಡವಟ್ಟಾಯಿತು ಮಾವ!

ಅಂಗಡಿಯಲ್ಲಿ ‘ಕೊಡು’ ಅಂದರೆ ವಾಪಸ್ಸು ಕೊಡು ಎಂದು. ನಮ್ಮ ಕೈಯಲ್ಲಿ ಆಗದ ಬಟ್ಟೆಗೆ ಅಮ್ಮ ಆ ಚೀಟಿ ಹಚ್ಚುತ್ತಾಳೆ. ಬಂದವರಿಗೆ "ಇದು ನಮ್ಮಿಂದಾಗಲ್ಲ ಕಣಪ್ಪಾ" ಎಂದು ಹೇಳಿ, ಇದ್ದದ್ದನ್ನು ಇದ್ದ ಹಾಗೇ ಮಡಿಸಿ ಕೊಡುವುದು. ಎಲ್ಲರೂ ಹಾಗೇ ಅನ್ನುತ್ತಾರೆ ಅಂದುಕೊಂಡು ನಾನು ಬಿಡಿಸಿ ಬರೆಯಲಿಲ್ಲ. ಬೇಡವೇ ಬೇಡ ಎಂದು ಆರಿಸಿಟ್ಟ ಐವತ್ತೆಂಟನ್ನೇ ನೀವು ಒಪ್ಪಿಕೊಂಡಿದ್ದೀರಿ.

ಇವತ್ತು ಹೊಸ ‘ಅಳತೆ’ ಇಳಿಸಿಕೊಂಡು ಒಂದು ಶರ್ಟಿನ ಕಟಿಂಗ್ ತೆಗೆದೆ. ಜೇಬು ಬೆನ್ನಿಗೆ ಬಂದಿದೆ. ಅಮ್ಮನಿಗೆ ತೋರಿಸಿ ಎಲ್ಲವನ್ನೂ ಹೇಳಿದೆ. ಅವಳು ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಅವನಿಗೆ ಬೇಡ ಅನ್ನೋಕೆ ಬರಲ್ಲ ಕಣೆ. ಬೇಡ ಅಂತ ನೀನು ಬರ್ಕೊಟ್ರೂ ಹೂಂ ಅಂತ ಓದ್ಕೊಳ್ತಾನೆ" ಅಂದಳು. ನನಗೆ ನಗು ಬರಲಿಲ್ಲ.

ಆ ಹತ್ತೊಂಬತ್ತನ್ನು ತೆಗೆದುಹಾಕಿ. ಐವತ್ತೆಂಟು ಜನಕ್ಕೆ ನಾನೇ ಬರೆಯುತ್ತೇನೆ. ತಪ್ಪು ನನ್ನ ಚೀಟಿಯದು. ಪುಟದಲ್ಲಿ ಬರೆಯಲು ನನಗೆ ದಾರಿ ಮಾಡಿಕೊಡಿ, ಹೆಸರು ಕಾಜಾ ಎಂದೇ ಇರಲಿ. ನಾಳೆ ಮನಸ್ಸು ಬದಲಾಗುವ ಮುಂಚೆ ಈ ಕಾಗದ ಪೋಸ್ಟು ಮಾಡುತ್ತೇನೆ.

ಲಕೋಟೆಯ ಬಗ್ಗೆ ನೀವು ಏನೂ ಬರೆಯಲಿಲ್ಲ.

ಕಾಜಾ


೮ ಜೂನ್

ಕಾಜಾ,

ಹತ್ತೊಂಬತ್ತನ್ನೂ ತೆಗೆದೆ. ಜೇಬು ಎದೆಗೆ ವಾಪಸ್ಸು ಬಂದಿದೆ. ನಿನಗೆ ದಾರಿಯನ್ನೂ ಮಾಡಿದ್ದೇನೆ, ಗುಟ್ಟಿನ ಪದ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇನೆ. ಅವಳು ಅದನ್ನು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಎರಡು ಸಲ ಕೂಗಿ ಓದಿದಳು. ಹಾಗಾಗಿ ಬದಲಾಯಿಸಿಕೋ.

ನಾನೇ ಬರೆಯುತ್ತಿದ್ದೆ. ಆದರೆ ಬರೆಯಲು ಕೂತರೆ ಮತ್ತೆ ಐವತ್ತೆಂಟು ಜನಕ್ಕೂ ‘ಆಗಲಿ’ ಅಂದುಬಿಡುತ್ತೇನೋ ಎಂದು ನನಗೇ ಅನುಮಾನ.

ಮಾವ


೨ ಜುಲೈ

ಮಾವನಿಗೆ,

ಬರೆದೆ. ಮೊದಲನೆಯದಕ್ಕೆ ಎರಡು ದಿನ ಹಿಡಿಯಿತು. ಕೊನೆಯ ಇಪ್ಪತ್ತನ್ನು ಒಂದು ಬೆಳಿಗ್ಗೆ ಬರೆದೆ. ಹೀಗೆ ಬರೆದೆ: "ಕೊಡು ಎಂದು ಚೀಟಿ ಹಚ್ಚಿದವಳು ನಾನು. ನಾನು ದರ್ಜಿ. ನಮ್ಮ ಅಂಗಡಿಯಲ್ಲಿ ಅದರ ಅರ್ಥ ವಾಪಸ್ಸು ಕೊಡು ಎಂದು. ನಮ್ಮ ಮಾವ ಅದನ್ನು ಬೇರೆ ಥರ ಓದಿಕೊಂಡರು. ನೀವು ಕೇಳಿದ್ದು ನಮ್ಮಿಂದಾಗುವುದಿಲ್ಲ. ಇಷ್ಟು ದಿನ ಕಾಯಿಸಿ ಇಲ್ಲ ಅನ್ನುತ್ತಿದ್ದೇವೆ, ನಾಚಿಕೆಯಾಗುತ್ತಿದೆ." ಕೆಳಗೆ ಯಾಕೆ ಆಗುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಬೇರೆ ಬೇರೆ ಒಂದು ಸಾಲು.

ಒಬ್ಬರು ಸಿಟ್ಟಾದರು. ಮೂವತ್ತು ಜನ ಸರಿ ಅಂದರು. ಉಳಿದವರು ಸುಮ್ಮನಿದ್ದಾರೆ. ಇಲ್ಲ ಅಂದರೆ ಜನ ಹೊರಟುಹೋಗುತ್ತಾರೆ ಅಂದುಕೊಂಡಿದ್ದೆ. ನಾಯಿಯ ಕೋಟಿನವರು "ಅಂತೂ ಆ ಕಡೆ ಮನುಷ್ಯರಿದ್ದೀರಿ ಅಂತಾಯ್ತು. ಕೋಟು ನಾನೇ ಮಾಡ್ಕೊಳ್ತೀನಿ, ನಿಮ್ಮ ಜೊತೆ ಕೈ ಜೋಡಿಸ್ಲಾ?" ಎಂದು ಬರೆದರು. ಹೀಗೆ ಏಳು ಜನ ಕೇಳಿದರು. ನಾನು ‘ಕೇಳು’ ಕಟ್ಟಿನ ನಂಬರುಗಳನ್ನು ಏಳು ಪಾಲು ಮಾಡಿ ಹಂಚಿಬಿಟ್ಟೆ. ನಿಮ್ಮನ್ನು ಕೇಳದೆ ಮಾಡಿದೆ, ತಪ್ಪಾಗಿದ್ದರೆ ಹೇಳಿ. ಬೇಡವಾದವನ್ನು ಅವರು ಕೇಳಿ ಕೇಳಿ ಮುಚ್ಚುತ್ತಿದ್ದಾರೆ, ಈಗ ಪುಟದಲ್ಲಿ ೨೯೪ ಎಂದು ತೋರಿಸುತ್ತಿದೆ.

ಇನ್ನೊಂದು ವಿಷಯ. ನಾಯಿಯ ಕೋಟಿನ ಕೆಳಗೆ ಮೊನ್ನೆ ಒಬ್ಬರು ಹೀಗೆ ಬರೆದಿದ್ದಾರೆ: "ನೀನು ನಾಯಿಗೆ ಕೋಟು ಕೊಡ್ತೀನಿ ಅಂದೆ. ನನಗೆ ಆರು ವರ್ಷದಿಂದ ಒಂದು ಉತ್ತರ ಕೊಡಲಿಲ್ಲವಲ್ಲೋ."

ಲಕೋಟೆಯವರೇ. ನಾನು ಉತ್ತರ ಬರೆದಿಲ್ಲ. ಆ ಚೀಟಿ ನನ್ನದಲ್ಲ.

ಕಾಜಾ


೧೫ ಜುಲೈ

ಕಾಜಾ,

ಹಂಚಿದ್ದು ತಪ್ಪಲ್ಲ. ನಾನು ಆರು ವರ್ಷದ ಹಿಂದೆಯೇ ಮಾಡಬೇಕಿತ್ತು.

ಆ ಲಕೋಟೆಯವನು ಲೆಕ್ಕದ ಮೇಷ್ಟ್ರು. ಒಂದು ದಿನ ನಾನು ರಿಪೇರಿ ಮಾಡುತ್ತಿದ್ದ ಲಿಫ್ಟಿನಲ್ಲಿ ನಾವಿಬ್ಬರೂ ಸಿಕ್ಕಿಹಾಕಿಕೊಂಡೆವು, ಒಂದೂವರೆ ಗಂಟೆ. ಅಕ್ಕನಿಗೆ ಕಟಿಂಗಿಗೆ ಏನಾದರೂ ಮಾಡಿಕೊಡಬೇಕು ಎಂದು ಅವನಿಗೆ ಹೇಳುತ್ತಿದ್ದೆ. ಅವನು ಸೀಮೆಸುಣ್ಣ ತೆಗೆದು ಲಿಫ್ಟಿನ ಗೋಡೆಯ ಮೇಲೆ ಕಾಲರ್ ಬರೆದ. ‘ಅಳತೆ’ ಶುರುವಾದದ್ದು ಹಾಗೆ. ಎರಡು ವರ್ಷ ಇಬ್ಬರೂ ಸೇರಿ ಮಾಡಿದೆವು.

ಕಂಕುಳ ಸುತ್ತಿನ ಲೆಕ್ಕ ಮಾತ್ರ ಪೂರ್ತಿ ನನ್ನದು. ಮೇಷ್ಟ್ರಿಗೇ ಹೊಳೆಯದ್ದು ನನಗೆ ಹೊಳೆಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅವನು ಅದು ತಪ್ಪು ಎಂದು ತೋರಿಸಿ, ತಿದ್ದಿ ಕಳಿಸಿದ. ಸರಿಯಾಗಿಯೇ ತಿದ್ದಿದ್ದ. ನಾಳೆ ನೋಡೋಣ ಅಂದುಕೊಂಡೆ. ಒಂದು ವಾರವಾದಾಗ ‘ತಡವಾಯಿತು’ ಎಂದರೆ ಸಾಕಿತ್ತು. ಒಂದು ತಿಂಗಳಾದಾಗ ಏನಾದರೂ ಕಾರಣ ಬೇಕಾಯಿತು. ಒಂದು ವರ್ಷವಾದ ಮೇಲೆ ಯಾವ ಕಾರಣವೂ ಸಾಲದಾಯಿತು. ಪುಟ ತೆರೆದಾಗಲೆಲ್ಲ ಅದು ತಳದಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಅದನ್ನು ನೋಡಬಾರದೆಂದು ಮೇಲಿನವನ್ನೂ ನೋಡುವುದು ಬಿಟ್ಟೆ. ಉಳಿದ ೪೩೬ ಅದರ ಮೇಲೆ ಬೆಳೆದದ್ದು.

ಅವನು ಬಂದು ಜಗಳ ಆಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಸುಮ್ಮನಾಗಿಬಿಟ್ಟ.

ಈಗ ಬರೆದಿದ್ದಾನೆ. ಮೂರು ದಿನದಿಂದ ಉತ್ತರ ಬರೆದು ಅಳಿಸುತ್ತಿದ್ದೇನೆ. ಎರಡು ಪುಟವಾಗಿದೆ, ಓದಿದರೆ ನನಗೇ ಹೇಸಿಗೆಯಾಗುತ್ತದೆ. ಏನಂತ ಬರೆಯಲಿ?

ಮಾವ


೨೨ ಜುಲೈ

ಮಾವನಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ, ಬೇಸರ ಮಾಡಿಕೊಳ್ಳಬೇಡಿ. ಅಮ್ಮ, "ಕೋಟು ತಡವಾದ್ರೆ ಗಿರಾಕಿ ಮುಂದೆ ಮಷಿನ್ ಕೆಟ್ಟಿತ್ತು, ಕರೆಂಟ್ ಇರ್ಲಿಲ್ಲ ಅಂತ ಪುರಾಣ ಓದ್ಬಾರ್ದು. ಕೋಟು ಕೈಗೆ ಕೊಟ್ಟು ಹಾಕಿ ನೋಡಿ ಅನ್ಬೇಕು. ಬೈಯೋದಿದ್ರೆ ಕೋಟು ಹಾಕ್ಕೊಂಡೇ ಬೈಲಿ" ಅಂದಳು.

ಆ ಎರಡು ಪುಟ ಬೇಡ ಮಾವ.

ಕಾಜಾ


೧೨ ಆಗಸ್ಟ್

ಕಾಜಾ,

ಹೋದ ಶನಿವಾರ ಅವನ ತಿದ್ದುಪಡಿ ಸೇರಿಸಿದೆ. ಆರು ವರ್ಷದಲ್ಲಿ ಸುತ್ತಮುತ್ತ ಬಹಳ ಬದಲಾಗಿತ್ತು, ಅದಕ್ಕೆ ಹೊಂದಿಸಲು ನಾಲ್ಕು ದಿನ ಬೇಕಾಯಿತು. ಕೆಳಗೆ "ನಿನ್ನದೇ ಸರಿ. ನನ್ನದು ತಪ್ಪಿತ್ತು. ಸೇರಿಸಿದ್ದೇನೆ, ಹಾಕಿ ನೋಡು" ಎಂದಷ್ಟೇ ಬರೆದೆ. ಗುಂಡಿ ಒತ್ತಿ, ಫೋನ್ ಮನೆಯಲ್ಲೇ ಬಿಟ್ಟು, ಬೇಡದಿದ್ದರೂ ಮಾರುಕಟ್ಟೆಗೆ ಹೋಗಿ ಒಂದು ಬಕೆಟ್ ತಂದೆ.

ಬಂದು ನೋಡಿದರೆ ಅವನ ಉತ್ತರ: "ನೋಡಿದೆ. ತೋಳು ಕೂತಿತು. ನಿನ್ನ ಕಾಲರ್ ಯಾರೋ ಕತ್ತು ಹಿಡಿದಂಗಿದೆ, ಅದನ್ನ ಯಾವ ಕತ್ತೆ ಬರೆದಿದ್ದು?"

ಕಾಲರ್ ಬರೆದವನು ಅವನೇ, ಲಿಫ್ಟಿನ ಗೋಡೆಯ ಮೇಲೆ. ಹಾಗಂತ ಬರೆದೆ. ಅವತ್ತಿನಿಂದ ದಿನಾ ಬೆಳಿಗ್ಗೆ ಜಗಳ ನಡೆಯುತ್ತಿದೆ. ನಿನ್ನೆ ಅವನು ಮನೆಗೇ ಬಂದ, ಕೂದಲು ಪೂರ್ತಿ ಬಿಳಿಯಾಗಿದೆ. ಬಾಗಿಲಲ್ಲಿ ನಿಂತು "ಏನೋ, ನಾಯಿ ದರ್ಜಿ" ಅಂದ. ಒಳಗೆ ಬಾ ಅಂದೆ. ಬೇರೆ ಏನೂ ಮಾತಾಡಲಿಲ್ಲ, ಕಾಲರಿನದ್ದೇ ಮಾತಾಡಿದೆವು. ಹೋಗುವಾಗ ‘ಮಾಡು’ ಕಟ್ಟಿನಲ್ಲಿ ಅರ್ಧ ಹೊತ್ತುಕೊಂಡು ಹೋದ.

ನಿನ್ನ ‘ಜೋಡಿ’ ಕಟ್ಟಿನ ಅರವತ್ತೊಂದೂ ಮುಗಿದವು. ಅರವತ್ತೊಂದು ಜನಕ್ಕೂ ನಾನೇ ಬರೆದೆ. ಇಲ್ಲಿ ಕೆಲಸ ಬಹಳ ಇದೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಮಾವ


೪ ಸೆಪ್ಟೆಂಬರ್

ಮಾವನಿಗೆ,

ಹೊಸ ಕಂಕುಳ ಸುತ್ತಿನಲ್ಲಿ ಮೊದಲ ಕೋಟು ಹೊಲಿದೆ. ಅಮ್ಮ ಕೈಯಾಡಿಸಿ ನೋಡಿ, ಬಿಚ್ಚಲು ಏನೂ ಸಿಗದೆ, ಗುಂಡಿ ಸ್ವಲ್ಪ ಸಡಿಲ ಅಂದಳು.

ಪುಟದಲ್ಲಿ ಇವತ್ತು ಬೆಳಿಗ್ಗೆ ೧೮೮ ಇದ್ದವು. ನಿನ್ನೆ ಬೆಳಿಗ್ಗೆ ೧೮೬ ಇದ್ದವು. ಬರುತ್ತಲೇ ಇರುತ್ತವೆ ಎಂದು ನೀವು ಬರೆದಿದ್ದು ನಿಜ. ಕೋಟುಗಳೂ ಬರುತ್ತಲೇ ಇರುತ್ತವೆ, ಅದಕ್ಕೆ ನಾವೇನೂ ಬೇಸರ ಮಾಡಿಕೊಂಡಿಲ್ಲ.

ಆ ಎರಡರಲ್ಲಿ ಒಂದನ್ನು ನಿಮಗೆ ಹೇಳಬೇಕು. ನೀವೂ ಮೇಷ್ಟ್ರೂ ಕಾಲರ್ ಜಗಳದಲ್ಲಿ ಮುಳುಗಿ ಮೂವತ್ತೊಂದನೇ ತಾರೀಖು ದಾಟಿದ್ದನ್ನು ನೋಡಿದ ಹಾಗಿಲ್ಲ. ಯಾರೋ ಹೊಸಬರು, ಪರದೆ ಹೊಲಿಯುವವರಂತೆ, ಇಶ್ಯೂ ಹಾಕಿದ್ದಾರೆ: "ಆಗಸ್ಟ್ ೩೧ಕ್ಕೆ ಮುಚ್ಚುತ್ತೇವೆ ಎಂದು ಮೇಲೆ ಕೆಂಪಕ್ಷರದಲ್ಲಿದೆ. ಆದರೆ ಒಳಗೆ ಜನ ಜಗಳವಾಡುತ್ತಾ ಕೆಲಸ ಮಾಡುತ್ತಿದ್ದಾರೆ. ಎರಡರಲ್ಲಿ ಯಾವುದು ತಪ್ಪು ಎಂದು ದಯವಿಟ್ಟು ತಿಳಿಸಿ."

ನಿಮ್ಮನ್ನು ಕೇಳಿ ಬರೆಯಬೇಕೆಂದು ಸಂಜೆಯವರೆಗೆ ಕಾದೆ. ಆಮೇಲೆ, ಕಾಯಿಸುವುದು ಬೇಡ ಅನ್ನಿಸಿತು. ಕೆಂಪಕ್ಷರ ಅಳಿಸಿದೆ. ಕೆಳಗೆ ಹೀಗೆ ಬರೆದು ಇಶ್ಯೂ ಮುಚ್ಚಿದೆ:

"ಮೇಲಿನ ಬರಹವೇ ತಪ್ಪು. ತಿದ್ದಿದ್ದೇವೆ. ಪರದೆಗೆ ಏನು ಬೇಕಿತ್ತು, ಹೇಳಿ."

ಕಾಜಾ